ಹೂಂ ಅನ್ನಲಿಕ್ಕೆ ಒಬ್ಬರು

ತನ್ನ ದನಿ ಇಷ್ಟು ಚೂಪಾಗಿದೆ ಎಂದು ಪಿಂಕಿಗೆ ಇಪ್ಪತ್ತಾರು ವರ್ಷ ಯಾರೂ ಹೇಳಿರಲಿಲ್ಲ. ಈಗ ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ, ಟಾಯರ್ ಅಂಗಡಿಯ ಮೇಲಿನ ಕಚೇರಿಯಲ್ಲಿ, ಜೊತೆಗೆ ಕೆಲಸ ಮಾಡುವ ಆರು ಜನರ ಎದುರು, ಮೇಜಿನ ಮೇಲಿಟ್ಟ ಮೊಬೈಲಿನಿಂದ ಆ ದನಿಯೇ ಹೊರಬಂದು ಅವಳ ಮಾನ ಕಳೆಯುತ್ತಿತ್ತು. ಹಿಂದಿನ ದಿನ ಅಭ್ಯಾಸಕ್ಕೆಂದು ಒಬ್ಬ ಬಾಣಂತಿಯನ್ನು ಮಾತಾಡಿಸಿ ಅವಳು ಮುದ್ರಿಸಿಕೊಂಡು ಬಂದ ಸಂದರ್ಶನ ಅದು.

“ದವಾಖಾನಿ ದೂರ ಆಗ್ತೈತಿ, ಹೌದಲ್ರಿ?” ಎಂದು ದನಿ ಕೇಳಿತು.

“ಹೌದ್ರಿ,” ಅಂದಳು ಬಾಣಂತಿ.

“ಗಾಡಿ ಸಿಗಂಗಿಲ್ಲ, ಅದಕ್ಕಽ ಹೋಗಿಲ್ಲ, ಹೌದಲ್ರಿ?”

“ಹೌದ್ರಿ.”

“ಮನ್ಯಾಗ ಹಿರ್ಯಾರು ಬ್ಯಾಡ ಅಂದಿರಬೇಕು?”

ಬಾಣಂತಿ ಏನೋ ಹೇಳಲು ಬಾಯಿ ತೆರೆದಂತೆ ಕೇಳಿಸಿತು. ಅಷ್ಟರಲ್ಲಿ ದನಿ “ಹಾಂ, ಅಂದಾರ, ಬರ್ಕೋತೀನಿ” ಎನ್ನುತ್ತಾ ಮುಂದಿನ ಪ್ರಶ್ನೆಗೆ ಹಾರಿತು.

ತರಬೇತಿ ಕೊಡುತ್ತಿದ್ದ ಗಿರಿಜಾಬಾಯಿ ಮೊಬೈಲ್ ನಿಲ್ಲಿಸಿದರು. ತಲೆ ಪೂರ್ತಿ ಬೆಳ್ಳಗಾದ ಹೆಂಗಸು. ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ ಜನರ ಮಾತು ಕೇಳುವುದನ್ನೇ ಉದ್ಯೋಗ ಮಾಡಿಕೊಂಡವರು. ಬೈಯುವುದು ಅವರಿಗೆ ಬರುತ್ತಿರಲಿಲ್ಲ. ತಣ್ಣಗೆ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು, ಅದೇ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

“ಪಿಂಕಿ, ಇದರಾಗ ಮಾತಾಡಿದವರು ಯಾರು?”

“ನಾನಽ ರೀ.”

“ಮತ್ತ ಆ ಬಾಣಂತೀನ ಯಾಕ ಕೂಡಿಸಿಕೊಂಡಿದ್ದಿ?”

ಎಲ್ಲರೂ ನಕ್ಕರು. ಪಿಂಕಿಯೂ ನಕ್ಕಳು, ಆದರೆ ಕಿವಿ ಬಿಸಿಯಾಗಿದ್ದವು.

ನ್ಯಾಯವಾಗಿ ಹೇಳಬೇಕೆಂದರೆ ತಪ್ಪು ಅವಳೊಬ್ಬಳದಲ್ಲ. ವಾಗದರಿಯ ಅಂಬಾರಾಯನ ಮಗಳು ಪಿಂಕಿ ಈ ಸಂಸ್ಥೆಗೆ ಸೇರಿದ್ದೇ ಟ್ಯಾಬ್ ಹಿಡಿದು ಮನೆ ಮನೆ ಸಮೀಕ್ಷೆ ಮಾಡಲಿಕ್ಕೆ. ತಾಯಂದಿರ ಆರೋಗ್ಯದ ಕೆಲಸ ಮಾಡುವ ಸಂಸ್ಥೆ ಅದು. ಟ್ಯಾಬಿನಲ್ಲಿ ಒಂದು ಪ್ರಶ್ನೆ, ಅದರ ಕೆಳಗೆ ನಾಲ್ಕು ಉತ್ತರ, ಉತ್ತರದ ಪಕ್ಕಕ್ಕೊಂದು ಚೌಕ. ಚೌಕಕ್ಕೆ ಬೆರಳೊತ್ತಿದರೆ ಮುಗಿಯಿತು. ಬೇರೆಯವರು ದಿನಕ್ಕೆ ಹದಿನೈದು ಮನೆ ಮಾಡಿದರೆ ಪಿಂಕಿ ಇಪ್ಪತ್ತೈದು ಮಾಡಿ, ಸಂಜೆಯ ಎಸ್‌ಟಿ ಬಸ್ಸಿಗೆ ಎಲ್ಲರಿಗಿಂತ ಮೊದಲು ಬಂದು ನಿಂತಿರುತ್ತಿದ್ದಳು. ಜನ ಉತ್ತರ ಹುಡುಕಾಡುವಷ್ಟರಲ್ಲಿ ಅವಳೇ ಹುಡುಕಿ ಅವರ ಕೈಗಿಡುತ್ತಿದ್ದಳು. ಪಾಪ, ಜನಕ್ಕೂ ಬೇರೆ ಕೆಲಸವಿರುತ್ತದೆ ನೋಡಿ. ಇದಕ್ಕೆ ಸಂಸ್ಥೆ ಅವಳಿಗೊಂದು ಪ್ರಶಸ್ತಿಪತ್ರವನ್ನೂ ಕೊಟ್ಟಿತ್ತು.

ಈ ವರ್ಷ ಸಂಸ್ಥೆಗೆ ಬೇರೆ ಬುದ್ಧಿ ಬಂತು. ಅಕ್ಕಲಕೋಟ ಕಡೆಯ ಒಂದು ಹೆರಿಗೆ ದವಾಖಾನೆಯಲ್ಲಿ ಹೆತ್ತ ಹೆಂಗಸರು, ಮೂರು ದಿನ ಇರಬೇಕಾದವರು, ಆರೇಳು ತಾಸಿಗೇ ಕೂಸನ್ನೆತ್ತಿಕೊಂಡು ಮನೆಗೆ ಹೊರಟುಬಿಡುತ್ತಿದ್ದರು. ಯಾಕೆ ಎಂದು ಎರಡು ವರ್ಷದ ಹಿಂದೆ ಸಮೀಕ್ಷೆ ನಡೆದಿತ್ತು. ಹೆಚ್ಚಿನ ಮನೆಗಳ ಉತ್ತರ ಒಂದೇ: ಮನೆಗೆಲಸ. ಸಂಸ್ಥೆ ಅದನ್ನು ನಂಬಿ ಊರೂರ ಗೋಡೆಗಳ ಮೇಲೆ ಚಿತ್ರ ಬರೆಸಿತು. ಕಸಬರಿಗೆ ಹಿಡಿದು ಕಣ್ಣು ಕೆಕ್ಕರಿಸಿದ ಅತ್ತೆ, ಕೂಸು ಎತ್ತಿಕೊಂಡು ಬಾಗಿ ನಿಂತ ಸೊಸೆ, ಕೆಳಗೆ ಮರಾಠಿಯಲ್ಲಿ ದಪ್ಪ ಅಕ್ಷರ: ಅತ್ತೆಮ್ಮಾ, ಮನೆಗೆಲಸಕ್ಕಾಗಿ ಸೊಸೆಯ ಜೀವ ತೆಗೆಯಬೇಡಿ. ಗೋಡೆಯ ಬಣ್ಣ ಒಣಗಿತು, ಹೆಂಗಸರು ಹೊರಟುಹೋಗುವುದು ಮಾತ್ರ ನಿಲ್ಲಲಿಲ್ಲ. ಆಗ ಗುಣಾತ್ಮಕ ಸಂಶೋಧನೆ ಎಂಬ ದೊಡ್ಡ ಹೆಸರಿನ ವಿದ್ಯೆ ಕಲಿಸಲು ಗಿರಿಜಾಬಾಯಿಯವರನ್ನು ಕರೆಸಿದರು.

“ಎಷ್ಟ ಮಂದಿ ಅಂಬೂದು ಟ್ಯಾಬ್ ಹೇಳ್ತದ. ಯಾಕ ಅಂಬೂದು ಮನಷ್ಯಾನಽ ಹೇಳಬೇಕು,” ಎಂದು ಅವರು ಮೊದಲ ದಿನವೇ ಹೇಳಿದರು. ಹೌದು ಅಲ್ಲ ಎಂದು ಮುಗಿದುಹೋಗುವ ಪ್ರಶ್ನೆ ಕೇಳಬೇಡಿ ಎಂದರು. ಎದುರಿನವರು ಸುಮ್ಮನಾದರೆ ನೀವೂ ಸುಮ್ಮನಿರಿ, ಆ ಮೌನದೊಳಗೇ ಮಾತು ಇರುತ್ತದೆ ಎಂದರು. ಆಡಿದ್ದನ್ನು ಆಡಿದ ಹಾಗೇ ಬರೆಯಿರಿ, ಹೆಸರು ಬದಲಿಸಿ ಬರೆಯಿರಿ, ಬರೆದ ಮೇಲೆ ತಿರುಗಿ ಹೋಗಿ ಅವರಿಗೇ ಓದಿ ತೋರಿಸಿ ಎಂದರು. ಪಿಂಕಿಗೆ ಎಲ್ಲಕ್ಕಿಂತ ಕಷ್ಟವೆನಿಸಿದ್ದು ಸುಮ್ಮನಿರುವುದು. ಮೂರು ತಿಂಗಳಲ್ಲಿ ಇದು ಕೈಹತ್ತದಿದ್ದರೆ ಮತ್ತೆ ಟ್ಯಾಬೇ ಗತಿ ಎಂದು ಸಂಸ್ಥೆ ಬೇರೆ ಹೇಳಿತ್ತು.

ಹಳೆಯ ಸಮೀಕ್ಷೆಯ ಪಟ್ಟಿಯಿಂದ ಒಬ್ಬೊಬ್ಬರಿಗೆ ಒಂದೊಂದು ಮನೆ ಹಂಚಿದರು. ಪಿಂಕಿಯ ಚೀಟಿಯಲ್ಲಿ ಹೀಗಿತ್ತು: ಊರು ಕುರನೂರ. ಉತ್ತರ ಕೊಟ್ಟವರು ಚಂದ್ರಭಾಗಾ, ಬಾಣಂತಿಯ ಅತ್ತೆ. ಬೇಗ ಮನೆಗೆ ಕರೆದೊಯ್ದ ಕಾರಣ ಮನೆಗೆಲಸ. ಮಾತಾಡಿದ ಸಮಯ ನಾಲ್ಕು ನಿಮಿಷ. ಎಲ್ಲಕ್ಕೂ ಕೆಳಗೆ ಸಮೀಕ್ಷೆ ಮಾಡಿದವರ ಹೆಸರಿತ್ತು. ಅದು ಅವಳದೇ ಹೆಸರು.

ಆ ಮನೆಯಾಗಲಿ, ಆ ಹೆಂಗಸಿನ ಮುಖವಾಗಲಿ ಪಿಂಕಿಗೆ ನೆನಪಿಗೇ ಬರಲಿಲ್ಲ. ಇಪ್ಪತ್ತೈದರಲ್ಲಿ ಒಂದು ಮನೆ, ಎಲ್ಲಿಂದ ನೆನಪಿರಬೇಕು?

ಅಕ್ಕಲಕೋಟದವರೆಗೆ ಎಸ್‌ಟಿ, ಅಲ್ಲಿಂದ ಹತ್ತು ಜನ ತುಂಬಿದ ಟಮಟಮ್ ರಿಕ್ಷಾ. ಕುರನೂರಿನಲ್ಲಿ ಇಳಿದವಳಿಗೆ ಮೊದಲು ಕಂಡದ್ದು ಆ ಗೋಡೆ. ಎದುರು ಬಂದ ಹೆಂಗಸೊಬ್ಬಳನ್ನು ಚಂದ್ರಭಾಗಾರ ಮನೆ ಎಲ್ಲಿ ಎಂದು ಕೇಳಿದಳು. ಆಕೆ ಗೋಡೆಯ ಅತ್ತೆಯ ಕಡೆ ಕೈ ಮಾಡಿ, “ಇಲ್ಲೇ ನಿಂತಾಳ ನೋಡ್ರಿ ಚಂದ್ರಭಾಗಾ,” ಎಂದು ನಕ್ಕಳು. ಊರಲ್ಲಿ ಆ ಚಿತ್ರಕ್ಕೆ ಹೆಸರೇ ಅದಂತೆ. ಸಣ್ಣ ಹುಡುಗರೂ ಹಾಗೇ ಕರೆಯುತ್ತಾರಂತೆ.

ಆಮೇಲೆ ಆಕೆಯೇ ಕಥೆಯನ್ನೂ ಹೇಳಿದಳು. ಕುರಿ ಸಾಕುವ ಪೀರಪ್ಪನ ಹೆಂಡತಿ ಚಂದ್ರಭಾಗಾ. ಎರಡು ವರ್ಷದ ಹಿಂದೆ ಸೊಸೆ ಸಪ್ನಾ ಹೆತ್ತ ದಿನವೇ ಈಕೆ ಅವಳನ್ನು ದವಾಖಾನೆಯಿಂದ ಎಬ್ಬಿಸಿಕೊಂಡು ಬಂದಳು. ದಾರಿಯಲ್ಲಿ ರಕ್ತ ಹರಿಯಿತು. ಸೊಲ್ಲಾಪುರದ ದೊಡ್ಡ ಆಸ್ಪತ್ರೆಯಲ್ಲಿ ಎಂಟು ದಿನ ಇಟ್ಟು ಜೀವ ಉಳಿಸಿದರು. ಅಂದಿನಿಂದ ಮಗ ಲಕ್ಷ್ಮೀಕಾಂತನಿಗೆ ತಾಯಿಯ ಜೊತೆ ಮಾತಿಲ್ಲ. “ಕಸಬರಿಗಿ ಹಿಡಿಸಾಕ ಕರಕೊಂಡ ಬಂದ್ಲರಿ,” ಎಂದಳು ಹೆಂಗಸು, ಕಣ್ಣಾರೆ ಕಂಡವಳ ಹಾಗೆ. ಆ ಮಾತು ಊರಿಗೆ ಎಲ್ಲಿಂದ ಬಂತೆಂದು ಪಿಂಕಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮನೆಯ ಕಟ್ಟೆಯ ಮೇಲೆ ಚಂದ್ರಭಾಗಾ ಕುರಿಯ ಉಣ್ಣೆ ಹಿಂಜುತ್ತಾ ಕೂತಿದ್ದಳು. ಚಿತ್ರದ ಅತ್ತೆಯ ಹಾಗೆ ದಪ್ಪಗಿರಲಿಲ್ಲ. ಒಣಗಿದ ಸಣ್ಣ ಮೈ, ಹಣೆಯ ಮೇಲೆ ಕುರಿ ಕಾಯುವವರ ದೇವರು ಬೀರಪ್ಪನ ಅರಿಸಿನ. ಪಿಂಕಿ ಸಂಸ್ಥೆಯ ಹೆಸರು ಹೇಳಿ, ಎರಡು ಮಾತು ಕೇಳುವುದಿದೆ ಎಂದಳು. ಚಂದ್ರಭಾಗಾ ತಲೆ ಎತ್ತಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಮತ್ತೆ ಉಣ್ಣೆಗೆ ಕಣ್ಣಿಳಿಸಿದಳು.

“ಗ್ವಾಡಿ ಮ್ಯಾಲ ಬರದೀರಲ್ರಿ ಬಾಯಾರ. ಓದ್ಕೊಂಡ ಹೋಗ್ರಿ.”

ಅಷ್ಟರಲ್ಲಿ ಲಕ್ಷ್ಮೀಕಾಂತ ಊಟಕ್ಕೆ ಬಂದ. ಅಕ್ಕಲಕೋಟದ ಗ್ಯಾರೇಜೊಂದರಲ್ಲಿ ಕೆಲಸ ಅವನಿಗೆ. ಕಟ್ಟೆಯ ಮೇಲೆ, ತಾಯಿಯ ಮಗ್ಗುಲಲ್ಲೇ, ತುಂಬಿದ ತಂಬಿಗೆ ಇತ್ತು. ಅವನು ಅದನ್ನು ದಾಟಿ ಒಳಗೆ ಹೋಗಿ “ಸಪ್ನಾ, ನೀರ ಕೊಡು” ಎಂದ. ಚಂದ್ರಭಾಗಾಳ ಬೆರಳು ಒಂದು ಕ್ಷಣ ನಿಂತು, ಮತ್ತೆ ಉಣ್ಣೆ ಹಿಂಜತೊಡಗಿತು. ಪಿಂಕಿ ಅಲ್ಲಿಂದ ಎದ್ದಳು.

ಮರುದಿನ ಗಿರಿಜಾಬಾಯಿಯವರ ಎದುರು ಕೂತು ಎಲ್ಲವನ್ನೂ ಒದರಿದಳು, ನಾಲ್ಕು ನಿಮಿಷದ ಆ ಫಾರ್ಮಿನ ಸಂಗತಿಯನ್ನೂ ಸೇರಿಸಿ. ಅವರು ನಡುವೆ ಬಾಯಿ ಹಾಕಲಿಲ್ಲ.

“ಆಕಿಗಿ ಇದನ್ನ ಹೇಳಬೇಕೇನ್ರಿ ಮ್ಯಾಡಮ್?”

“ಹೇಳಬೇಕೋ ಬ್ಯಾಡೋ ಅಂಬೂದು ನಿನಗ ಬಿಟ್ಟದ್ದಲ್ಲ. ಯಾವಾಗ ಅಂಬೂದಷ್ಟಽ ನಿನಗ ಬಿಟ್ಟದ್ದು. ಮತ್ತೊಬ್ಬರ ಮಾತ ಬರಕೊಳ್ಳಾಕ ಹೋಗೂ ಮೊದಲ, ನೀ ಯಾರು, ಯಾಕ ಹೊಂಟೀದಿ ಅಂತ ನಿನ್ನ ವಹಿಯೊಳಗ ಬರಕೋ. ಖರೇ ಬರಕೋ.”

ಪಿಂಕಿ ಬರೆದುಕೊಂಡಳು. ಒಂದು ಪುಟ ತುಂಬಲು ಒಂದಿಡೀ ಮಧ್ಯಾಹ್ನ ಬೇಕಾಯಿತು.

ಆಮೇಲೆ ಎರಡು ಸಲ ಕುರನೂರಿಗೆ ಹೋಗಿ, ಒಂದು ಪ್ರಶ್ನೆಯನ್ನೂ ಕೇಳದೆ ಕಟ್ಟೆಯ ತುದಿಗೆ ಕೂತು ಬಂದಳು. ಎರಡನೆಯ ಸಲ ಚಂದ್ರಭಾಗಾಳೇ ಕೇಳಿದಳು: “ನಿಮ್ಮ ಮಂದಿ ಯಾವೂರವರು?”

“ವಾಗದರಿ ರೀ. ಅಂಬಾರಾಯನ ಮಗಳು. ಬುದ್ಧವಿಹಾರದ ಹಿಂದಿನ ಓಣಿ.”

ಟ್ಯಾಬ್ ಹಿಡಿದ ದಿನಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ, ಪಿಂಕಿ ಕೇಳಲು ಬಿಡುತ್ತಲೂ ಇರಲಿಲ್ಲ. ಈಗ ಓಣಿಯ ಗುರುತಿನಲ್ಲೇ ತನ್ನ ಜಾತಿಯನ್ನೂ ಹೇಳಿ ಮುಂದೇನೆಂದು ನೋಡುತ್ತಾ ಕೂತಳು. ಚಂದ್ರಭಾಗಾ ಒಳಗೆ ಹೋಗಿ, ತಾವು ಕುಡಿಯುವ ಬಟ್ಟಲಲ್ಲೇ ಚಹಾ ತಂದು ಕೊಟ್ಟಳು. ಜೊತೆಗೆ ಒಂದು ಹಿಡಿ ಉಣ್ಣೆಯನ್ನೂ ಮಡಿಲಿಗೆ ಹಾಕಿ, “ಸುಮ್ಮ ಯಾಕ ಕುಂದರ್ತಿ? ಕಸ ತೆಗದ ಹಿಂಜು,” ಎಂದಳು. ರೀ ಹೋಗಿ ನೀ ಬಂದದ್ದು ಪಿಂಕಿಗೆ ಚಹಾಕ್ಕಿಂತ ಬೆಚ್ಚಗೆ ಹತ್ತಿತು.

ಮೂರನೆಯ ಸಲ ಹೋದ ದಿನ ಪೀರಪ್ಪ ಕುರಿ ಹೊಡೆದುಕೊಂಡು ಬೋರಿ ಹೊಳೆಯ ಅಣೆಕಟ್ಟಿನ ದಂಡೆಗೆ ಹೋಗಿದ್ದ, ಲಕ್ಷ್ಮೀಕಾಂತ ಗ್ಯಾರೇಜಿಗೆ. ಹಟ್ಟಿಯಲ್ಲಿ ಎಳೆಯ ಮರಿಗಳು ಮಾತ್ರ ಒದರುತ್ತಿದ್ದವು. ಪಿಂಕಿ ಮೊಬೈಲ್ ತೋರಿಸಿ, ಚಿಕ್ಕಮ್ಮನನ್ನು ಕರೆಯುವ ಹಾಗೆ, “ಮಾವಶಿ, ಇದನ್ನ ಚಾಲೂ ಇಡ್ಲೇನ್ರಿ? ನೀವು ಬ್ಯಾಡ ಅಂದ ಗಳಿಗಿಗಿ ಬಂದ್ ಮಾಡ್ತೀನಿ,” ಎಂದಳು.

“ಇಡು. ನಾಕ ನಿಮಿಷದಾಗ ಮುಗೀತೈತೇನೋ ನೋಡೂಣು.”

ನಾಲ್ಕು ನಿಮಿಷ ಎಂಬ ಮಾತಿಗೆ ಪಿಂಕಿ ತಟ್ಟನೆ ತಲೆ ಎತ್ತಿದಳು. ಆದರೆ ಚಂದ್ರಭಾಗಾಳ ಮುಖದಲ್ಲಿ ಏನೂ ಕಾಣಲಿಲ್ಲ. ಪಿಂಕಿ ಕಲಿತು ಬಂದಿದ್ದ ಒಂದೇ ಒಂದು ಪ್ರಶ್ನೆಯನ್ನು ಕೇಳಿದಳು: “ಆ ದಿನಾ ಮುಂಜಾನಿಂದ ಏನೇನ ಆತು, ಹೇಳ್ರಿ.”

ಕೇಳಿದ ಮೇಲೆ ತುಟಿ ಹೊಲಿದುಕೊಂಡಳು. ಸುಮ್ಮನಿರಬೇಕು ಎಂದರೆ ನಮ್ಮ ಪಿಂಕಿ ಪೂರಾ ಸುಮ್ಮನೆ. ಮೊಬೈಲಿನಲ್ಲಿ ತನ್ನ ಉಸಿರೂ ಬರಬಾರದೆಂದು ಉಸಿರನ್ನೂ ಹಿಡಿದು, ದೇವರ ಮೂರ್ತಿಯ ಹಾಗೆ ಕೂತಳು. ಮೊದಲು ಎಲ್ಲದಕ್ಕೂ ಮಾತಾಡಿ ಕೆಡಿಸಿದವಳು, ಈಗ ಕಲ್ಲಾಗಿ ಕೆಡಿಸಲು ಹೊರಟಿದ್ದಳು.

“ನಸಿಕಿನ್ಯಾಗ ಹಡದ್ಲವಾ. ಗಂಡಸ ಮಗ. ಬೀರಪ್ಪನ ದಯಾ,” ಎಂದು ಚಂದ್ರಭಾಗಾ ಶುರು ಮಾಡಿದಳು. ಸ್ವಲ್ಪ ತಡೆದಳು. “ನಾ ಬಾಜೂಕ ಕುಂತಿದ್ನಿ.” ಮತ್ತೆ ತಡೆದಳು. ಆಮೇಲೆ ಉಣ್ಣೆ ಕೆಳಗಿಟ್ಟು ಪಿಂಕಿಯ ಮುಖಕ್ಕೆ ಬಗ್ಗಿ ನೋಡಿದಳು.

“ಏನವಾ, ನಿದ್ದಿ ಹತ್ತೇನ ನಿನಗ?”

“ಇಲ್ಲ ರೀ ಮಾವಶಿ! ಕೇಳಾಕತ್ತೀನಿ.”

“ಕೇಳಾಕತ್ತಿ ಅಂತ ನನಗ ಹ್ಯಾಂಗ ತಿಳೀಬೇಕು? ಹೂಂ ಅನ್ನವರ ಇಲ್ಲಂದ್ರ ಮಾತ ಹೆಜ್ಜಿ ಇಡೂದಿಲ್ಲ. ನಮ್ಮ ಮಂದಿ ಬೀರಪ್ಪನ ಹಾಡ ಹಾಡೂಮುಂದ ನೋಡಿಲ್ಲೇನು? ಒಬ್ಬಾಂವ ಹೇಳ್ತಾನ, ಹಿಂದ ದನಿ ಹಿಡಿಯವರು ಹಿಡೀತಾರ. ಅವರು ಹಿಡೀಲಿಲ್ಲಂದ್ರ ಹಾಡ ಅಲ್ಲೇ ನಿಂತ ಬಿಡ್ತೈತಿ. ಹೂಂ ಅನ್ನು.”

“ಹೂಂ,” ಅಂದಳು ಪಿಂಕಿ.

“ಹಾಂ, ಹಂಗ.”

ಗಿರಿಜಾಬಾಯಿ ಮೂವತ್ತು ವರ್ಷದಲ್ಲಿ ಕಲಿತದ್ದರ ಜೊತೆಗೆ ಈ ಒಂದು ಪಾಠವನ್ನು ಕುರನೂರಿನ ಕಟ್ಟೆ ಸೇರಿಸಿತು. ಪಿಂಕಿ ಹೂಂ ಅನ್ನುತ್ತಾ ಹೋದಳು, ಚಂದ್ರಭಾಗಾ ಹೇಳುತ್ತಾ ಹೋದಳು. ಬಾಣಂತಿಗೆ ತಲೆಗೆ ಬಟ್ಟೆ ಕಟ್ಟಿದ್ದು, ಸಜ್ಜಕ ಮಾಡಿ ತಂದದ್ದು, ಕೂಸಿನ ಮುಖ ಪೀರಪ್ಪನ ಹಾಗೇ ಇದ್ದದ್ದು. ಎಂಟು ಗಂಟೆಗೆ ಸಿಸ್ಟರ್ ಬಂದು, ಜೊತೆಗೆ ಬಂದವರು ಯಾರೂ ವಾರ್ಡಿನಲ್ಲಿ ನಿಲ್ಲಬಾರದು, ನಿಯಮ ಎಂದು ಹೊರಗೆ ಹಾಕಿದ್ದು.

“ನಾ ಹೊರಗ ಗಿಡದ ಬುಡಕ ಕುಂತ್ನಿ.”

“ಹೂಂ.”

“ಹನ್ನೊಂದಕ್ಕ ಸೊಸಿ ಖಿಡಕಿಯಿಂದ ಕೈ ಮಾಡಿ ಕರದ್ಲು. ಹ್ವಾದ್ನಿ. ಕಿವ್ಯಾಗ ಒಂದ ಮಾತ ಹೇಳಿದ್ಲು.”

“ಹೂಂ.”

ಚಂದ್ರಭಾಗಾ ನಿಂತಳು. ಉಣ್ಣೆಯಲ್ಲಿ ಕಸವೇ ಇಲ್ಲದ ಕಡೆ ಕಸ ಹುಡುಕಿದಳು. “ಮುಂದ ಹೇಳಾಕ ಬರಂಗಿಲ್ಲವಾ. ಆಕಿ ಮುಂದ ಭಂಡಾರ ಮುಟ್ಟೀನಿ.”

ಭಂಡಾರ ಎಂದರೆ ಬೀರಪ್ಪನ ಅರಿಸಿನ ಪುಡಿ. ಅದನ್ನು ಮುಟ್ಟಿ ಕೊಟ್ಟ ಮಾತನ್ನು ಆ ಮಂದಿ ಜೀವ ಹೋದರೂ ಮುರಿಯುವುದಿಲ್ಲ. ಪಿಂಕಿಯ ನಾಲಿಗೆಯ ತುದಿಗೆ ಪ್ರಶ್ನೆ ಬಂದು ಕೂತಿತ್ತು. ನೋವಾಯಿತೇ? ಯಾರಾದರೂ ಬೈದರೇ? ಮನೆಯಲ್ಲಿ ಕೆಲಸವಿತ್ತೇ? ಹಳೆಯ ಚೌಕಗಳೆಲ್ಲ ಸಾಲಾಗಿ ಎದ್ದು ನಿಂತವು. ಅವಳು ಹಲ್ಲು ಕಚ್ಚಿ ಕೂತಳು. ಹೇಳದೆ ಇರುವುದು ಈ ಹೆಂಗಸಿನ ಹಕ್ಕು, ಕಸಿದುಕೊಂಡದ್ದು ಒಂದು ಸಲಕ್ಕೇ ಸಾಕು. ಮರಿಗಳು ಒದರಿದವು. ದೂರದಲ್ಲಿ ಟಮಟಮ್ ಒಂದು ಬಂದು ಹೋಯಿತು.

ಆಗ “ಹೂಂ” ಎಂಬ ದನಿ ಬಂತು.

ಅದು ಪಿಂಕಿಯದಲ್ಲ. ಬಾಗಿಲ ಹಿಂದೆ ಜೋಳ ಹಸನು ಮಾಡುತ್ತಾ ಕೂತಿದ್ದ ಸೊಸೆ ಸಪ್ನಾಳದು. ಮೊರ ಹಿಡಿದೇ ಹೊಸ್ತಿಲಿಗೆ ಬಂದು ನಿಂತಳು. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿ, ಕಣ್ಣು ತುಂಬಿದ್ದವು.

“ಹೇಳ್ರಿ ಅತ್ತಿ. ನಿಮ್ಮ ಮ್ಯಾಲಿನ ಆಣಿ ತೆಗದೀನಿ.”

ಚಂದ್ರಭಾಗಾ ಸೊಸೆಯನ್ನು ನೋಡಿದಳು. ಆಮೇಲೆ ಹೇಳಿದಳು.

“ಅಲ್ಲಿ ಪಾಯಖಾನಿ ಇರೂದು ಗಂಡಸರು ಕುಂದರೂ ಬಾಕಿನ ಮುಂದ. ಬಾಗಲಕ್ಕ ಒಳಗಿನ ಚಿಲಕ ಇಲ್ಲ, ಮುರದ ಹೋಗ್ಯಾದ. ಒಬ್ಬಾಕಿ ಹೊರಗ ಬಾಗಲ ಹಿಡದ ನಿಂತ್ರಽ ಇನ್ನೊಬ್ಬಾಕಿ ಒಳಗ ಹೋಗಬೇಕು. ನನ್ನ ಹೊರಗ ಹಾಕಿದ ಮ್ಯಾಲ ಈಕಿಗಿ ಬಾಗಲ ಹಿಡಿಯವರ ಯಾರ? ಹಸಿ ಬಾಣಂತಿ, ಮೈತುಂಬ ರಕ್ತ, ಸೀರಿ ಬದಲ ಮಾಡಾಕೂ ಜಾಗಾ ಇಲ್ಲ. ಮುಂಜಾನಿಂದ ತಡಕೊಂಡ ಕುಂತಿತ್ತವಾ ಹುಡುಗಿ. ಅತ್ತಿ, ನನ್ನ ಮನಿಗಿ ಒಯ್ರಿ, ಯಾರ ಮುಂದೂ ಹೇಳಬ್ಯಾಡ್ರಿ, ನಾಚಿಕಿಲೇ ಸತ್ತ ಹೋಗ್ತೀನಿ ಅಂತ ಅತ್ಲು. ಭಂಡಾರದ ಚೀಲ ಮುಟ್ಟಿಸಿದ್ಲು. ಡಾಕ್ಟರ ಸಾಹೇಬ್ರು ಯಾಕ ಒಯ್ತೀ ಅಂದ್ರು. ಗಂಡಸರ ಮುಂದ ಇದನ್ನ ಹ್ಯಾಂಗ ಹೇಳ್ಲಿ? ಮನ್ಯಾಗ ಕೆಲಸ ಐತ್ರಿ ಅಂದ್ನಿ. ಮುಂದ ಯಾರ್ಯಾರ ಕೇಳಿದ್ರೂ ಅದನ್ನಽ ಅಂದ್ನಿ.”

ಹೂಂ ಅಂದು ಪಿಂಕಿ ಮೊಬೈಲ್ ಬಂದ್ ಮಾಡಿದಳು.

ಆ ಸಂದರ್ಶನವನ್ನು ಬರೆದು ಮುಗಿಸಲು ಅವಳಿಗೆ ಐದು ದಿನ ಹಿಡಿಯಿತು. ಕನ್ನಡ ಅವಳ ಮನೆಮಾತು, ಓದಿದ್ದೆಲ್ಲ ಮರಾಠಿ ಸಾಲೆಯಲ್ಲಿ. ಮೊದಲು ಎಲ್ಲವನ್ನೂ ನೆಟ್ಟಗಿನ ಮರಾಠಿಗೆ ತಿರುಗಿಸಿ ಒಪ್ಪಿಸಿದಳು. ಗಿರಿಜಾಬಾಯಿ ಓದಿ, “ಇದು ಸರ್ಕಾರಿ ಪತ್ರ ಆತು. ಚಂದ್ರಭಾಗಾ ಎಲ್ಲಿ ಹೋದ್ಲು?” ಎಂದು ಹಿಂದಕ್ಕೆ ಕೊಟ್ಟರು. ಆಗ ಪಿಂಕಿ ಕಿವಿಗೆ ಮೊಬೈಲ್ ಹಚ್ಚಿ, ಕನ್ನಡದ ಮಾತನ್ನು ಕನ್ನಡದಲ್ಲೇ, ತನಗೆ ಬರುವ ಮರಾಠಿ ಲಿಪಿಯಲ್ಲಿ, ತಡವರಿಸಿದ್ದು ನಿಂತದ್ದು ಎಲ್ಲವನ್ನೂ ಬಿಡದೆ ಇಳಿಸಿದಳು. ಒಂದೊಂದು ಸಾಲಿಗೂ ಹತ್ತು ಸಲ ಹಿಂದೆ ಹೋಗಬೇಕಾಯಿತು. ಹಾಗೆ ಹಿಂದೆ ಹೋಗುತ್ತಾ ಅವಳಿಗೆ ಅನಿಸಿದ್ದು ಇಷ್ಟು: ಜೀವಮಾನದಲ್ಲಿ ಯಾರೂ ತನ್ನನ್ನು ಇಷ್ಟು ನಂಬಿರಲಿಲ್ಲ. ಅವಳು ಆ ಕಚೇರಿಯ ಮೂಲೆಯಲ್ಲಿ ಕೂತು ಯಾವ ನಾಚಿಕೆಯೂ ಇಲ್ಲದೆ ಅತ್ತಳು, ಗಿರಿಜಾಬಾಯಿ ಬಂದು ಬೆನ್ನ ಮೇಲೆ ಕೈಯಿಟ್ಟರು.

ಉಳಿದವರೂ ಅದೇ ರೀತಿ, ಅವಸರ ಮಾಡದೆ, ತಮ್ಮ ತಮ್ಮ ಮನೆಗಳಿಗೆ ಮತ್ತೆ ಹೋಗಿ ಕೂತರು. ಮುರಿದ ಚಿಲಕದ ಮಾತು ಆರು ಮನೆಗಳಲ್ಲಿ ಐದರಿಂದ ಬಂತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲ ಎಂದರು ಹೆಂಗಸರು. ಚಿಲಕ ಹಾಕಿಸುವುದು ಒಂದು ಮಧ್ಯಾಹ್ನದ ಕೆಲಸ. ಜೊತೆಗೆ ಬಂದ ಹೆಂಗಸನ್ನು ಒಳಗಿರಲು ಬಿಡಿ ಎಂದು ದವಾಖಾನೆಗೆ ಬರೆಯುವುದೆಂದೂ ತೀರ್ಮಾನವಾಯಿತು. ಆದರೆ ವರದಿ ಹೊರಡುವ ಮೊದಲು ಬರೆದದ್ದನ್ನು ಹೇಳಿದವರಿಗೆ ಓದಿ ತೋರಿಸಬೇಕಿತ್ತು.

ಪಿಂಕಿ ಮೊದಲು ಅತ್ತೆ ಸೊಸೆ ಇಬ್ಬರನ್ನೇ ಕರೆದು, ಯಾರ ಎದುರು ಓದಲಿ ಎಂದು ಕೇಳಿದಳು. ಸಪ್ನಾ ಕೂಸಿನ ತಲೆ ನೇವರಿಸುತ್ತಾ, “ಅವರು ಮನ್ಯಾಗ ಇದ್ದಾಗ ಓದ್ರಿ ಅಕ್ಕಾ. ನನ್ನ ಬಾಯಿಲೇ ಹೇಳಾಕ ಎರಡ ವರ್ಷ ಆಗಲಿಲ್ಲ,” ಎಂದಳು. ಚಂದ್ರಭಾಗಾ ಬೇಡವೆನ್ನಲಿಲ್ಲ.

ಹಾಗೆ ಒಂದು ಸೋಮವಾರ, ಗ್ಯಾರೇಜಿಗೆ ರಜೆ ಇದ್ದ ದಿನ, ಲಕ್ಷ್ಮೀಕಾಂತ ಮೊಬೈಲ್ ನೋಡುತ್ತಾ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದಾಗ ಪಿಂಕಿ ಓದತೊಡಗಿದಳು. ಅವನು ಮೊದಮೊದಲು ತಲೆ ಎತ್ತಲಿಲ್ಲ. ಗಿಡದ ಬುಡಕ್ಕೆ ಬಂದಾಗ ಎತ್ತಿದ. ಬಾಗಲ ಹಿಡಿಯವರ ಯಾರ ಎಂಬಲ್ಲಿಗೆ ಬಂದಾಗ ಮೊಬೈಲ್ ಕೆಳಗಿಟ್ಟ. ಓದು ಮುಗಿದ ಮೇಲೆ ಹೆಂಡತಿಯ ಕಡೆ ನೋಡಿದ. ಸಪ್ನಾ ತಲೆಯಾಡಿಸಿದಳು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಪಿಂಕಿಗೆ ತನ್ನ ಸರದಿ ಬಂತೆಂದು ತಿಳಿಯಿತು. “ಮಾವಶಿ, ಒಂದ ಹೇಳೂದೈತಿ. ಆ ಗ್ವಾಡಿ ಮ್ಯಾಲಿನ ಮಾತ ಬಂದದ್ದು ಫಾರ್ಮದಿಂದ. ನಿಮ್ಮ ಮನಿ ಫಾರ್ಮ ತುಂಬಿದಾಕಿ ನಾನಽ. ನೀವು ಇನ್ನೊಂದ ಮಾತ ಹೇಳಾಕ ಹೊಂಟಿದ್ದಿರೋ ಏನೋ, ನಾ ಕಾಯಲಿಲ್ಲ. ತಪ್ಪಾತ್ರಿ.”

“ಗೊತ್ತೈತಿ. ಮೊದಲನೇ ದಿನಾನಽ ನಿನ್ನ ದನಿ ಗುರ್ತ ಹಿಡದೀನಿ. ಮಾರಿ ಮರತ್ರೂ ಆ ದನಿ ಮರಿಯೂಹಂಗಿಲ್ಲ ತಗೋ,” ಎಂದು ಚಂದ್ರಭಾಗಾ ನಕ್ಕಳು.

“ಹಂಗಾರ ನನ್ನ ಮುಂದಽ ಯಾಕ ಹೇಳಿದ್ರಿ?”

“ಬರಕೊಂಡ ಹೋದವರು ಬಾಳ ಮಂದಿ. ತಿರುಗಿ ಬಂದಾಕಿ ನೀ ಒಬ್ಬಾಕಿ. ಕುಂತಿ, ಉಣ್ಣಿ ಹಿಂಜಿದಿ, ಹೂಂ ಅಂದಿ. ಎರಡ ವರ್ಷ ನನಗ ಈ ಮನ್ಯಾಗ ಹೂಂ ಅನ್ನವರ ಇರಲಿಲ್ಲವಾ. ನಿನ್ನ ಹೊಟ್ಟಿ ತಣ್ಣಗಿರಲಿ.”

ಬೈಸಿಕೊಳ್ಳಲು ತಯಾರಾಗಿ ಬಂದಿದ್ದ ಪಿಂಕಿ ಆಶೀರ್ವಾದಕ್ಕೆ ತಯಾರಿರಲಿಲ್ಲ. ಬಗ್ಗಿ ಆ ಒಣ ಪಾದ ಮುಟ್ಟಿದಳು. ಏನು ಹೇಳಬೇಕೆಂದು ತೋಚದೆ, ನಿಯಮದ ಮಾತಿಗೆ ಕೈ ಹಾಕಿದಳು: ವರದಿಯಲ್ಲಿ ನಿಮ್ಮ ಹೆಸರು ಇರುವುದಿಲ್ಲ, ಯಾರಿಗೂ ಗುರುತು ಸಿಗದಂತೆ ಬೇರೆ ಹೆಸರು ಹಾಕುತ್ತೇವೆ, ಚಿಂತೆ ಮಾಡಬೇಡಿ ಎಂದಳು.

ಚಂದ್ರಭಾಗಾಳ ನಗು ಹೋಯಿತು. “ಬೈಸ್ಕೊಳ್ಳಾಕ ನನ್ನ ಹೆಸರ ಇತ್ತು. ಖರೇ ಹೇಳಾಕ ಇನ್ನೊಬ್ಬಾಕಿ ಹೆಸರ ಯಾಕ?”

ಪಿಂಕಿ ಎದ್ದಳು. ಅಂಗಳಕ್ಕೆ ಹೋಗಿ ಗಿರಿಜಾಬಾಯಿಗೆ ಫೋನ್ ಹಚ್ಚಿದಳು. ಅವರು ಹೇಳಿದರು: “ಹೆಸರ ಮುಚ್ಚೂದು ಆಕಿ ಸಲುವಾಗಿ, ನಮ್ಮ ಸಲುವಾಗಿ ಅಲ್ಲ. ಯಾರ್ಯಾರ ಓದ್ತಾರ ಅಂತ ತಿಳಿಸಿ ಹೇಳು. ಸೊಸಿನೂ ಕೇಳು. ಎರಡ ಸಲ ಕೇಳು. ಆಮ್ಯಾಲೂ ಬೇಕಂದ್ರ ಬರಿ.”

ಪಿಂಕಿ ತಿಳಿಸಿ ಹೇಳಿದಳು. ದವಾಖಾನೆಯವರು ಓದುತ್ತಾರೆ, ಸಾಹೇಬರು ಓದುತ್ತಾರೆ, ಊರವರ ಕೈಗೂ ಬರಬಹುದು. “ಓದ್ಲಿ,” ಅಂದಳು ಚಂದ್ರಭಾಗಾ. ಎರಡನೆಯ ಸಲ ಕೇಳಿದಾಗ, “ಕಿವಿ ಕೇಳಸಂಗಿಲ್ಲೇನ ನಿನಗ?” ಅಂದಳು. ಸಪ್ನಾ ತನ್ನ ಹೆಸರೂ ಇರಲಿ ಎಂದಳು. ಪಿಂಕಿ ಅಲ್ಲಲ್ಲಿ ಹಾಕಿದ್ದ ಸುಳ್ಳು ಹೆಸರುಗಳನ್ನು ಅಳಿಸಿ ನಿಜವಾದವನ್ನು ಬರೆದಳು.

ಆಗ ಗೋಡೆಯ ಹತ್ತಿರದಿಂದ ಮಗನ ಮಾತು ಬಂತು. ದನಿ ಒಡೆದಿತ್ತು. “ನನ್ನ ಹೆಸರೂ ಬರೀರಿ ಬಾಯಾರ. ಎರಡ ವರ್ಷ ಹಡದವ್ವಗ ಯಾಕ ಅಂತ ಒಂದ ಮಾತ ಕೇಳಲಾರದಾಂವ ಅಂತ ಬರೀರಿ.” ಎದ್ದು ಬಂದು ತಾಯಿಯ ಎದುರು ನೆಲಕ್ಕೇ ಕೂತ. “ತಪ್ಪಾತಬೇ ಅವ್ವಾ.”

ಚಂದ್ರಭಾಗಾ ಒಂದು ಕೈ ಮಗನ ತಲೆಯ ಮೇಲಿಟ್ಟಳು. ಇನ್ನೊಂದು ಕೈಯಿಂದ ಪಿಂಕಿಯ ಪೆನ್ನನ್ನು ಥಟ್ಟನೆ ಹಿಡಿದಳು.

“ಬ್ಯಾಡವಾ ತಂಗಿ. ಇವಂದ ಬರಿಬ್ಯಾಡ. ಮಂದಿ ಬಾಯಾಗ ನಿಲ್ಲೂದು ಏನಂತ ನಾ ನೋಡೀನಿ. ನಿಮ್ಮದು ಆ ಸುಳ್ಳ ಹೆಸರ ಐತೆಲ್ಲಾ, ಅದನ್ನ ಇವಂಗ ಹಾಕು.”

ಪಿಂಕಿ ಸ್ವಲ್ಪ ಯೋಚಿಸಿ ಲಕ್ಷ್ಮೀಕಾಂತ ಎಂದು ಬರೆದಳು. ನಾವೂ ಮೊದಲಿನಿಂದ ಅವನನ್ನು ಅದೇ ಹೆಸರಿನಿಂದ ಕರೆದುಕೊಂಡು ಬಂದಿದ್ದೇವೆ. ನಿಜವಾದ ಹೆಸರು ಅವನ ತಾಯಿಗೆ ಗೊತ್ತು.